ಕೂಸಿಗಾಗಿ ತಿಂದ ಪುಡಿ

ನನಗೆ ಮದುವೆಯಾದಾಗ ಮೂವತ್ತನಾಲ್ಕು ದಾಟಿತ್ತು. ನಮ್ಮ ಕಡೆ ಆ ವಯಸ್ಸಿಗೆ ಮಗಳಿಗೆ ವರ ನೋಡುವ ಹೆಂಗಸರಿದ್ದರು. ನನ್ನ ತವರು ಚಿಕ್ಕೋಡಿ ತಾಲೂಕಿನ ಕರೋಶಿ. ನಾನು ಮ್ಯಾಟ್ರಿಕ್ ಮುಗಿಸಿದ ವರ್ಷ ಅವ್ವನಿಗೆ ಲಕ್ವಾ ಹೊಡೆದು ಬಲ ಮಗ್ಗುಲು ಬಿದ್ದುಹೋಯಿತು. ಅಣ್ಣ ಇಚಲಕರಂಜಿಯ ಮಗ್ಗಗಳಲ್ಲಿ ಕೆಲಸಕ್ಕೆ ಹೋದವನು ಅಲ್ಲೇ ನಿಂತ. ಅವ್ವನಿಗೆ ಉಣಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಇದರಲ್ಲೇ ನನ್ನ ಇಪ್ಪತ್ತು ಕಳೆಯಿತು, ಮೂವತ್ತೂ ಬಂತು. ಅವಳು ತೀರಿಕೊಂಡ ಮೇಲೆ ಸೋದರಮಾವ ಒಂದು ವರನ ಸ್ಥಳ ಹುಡುಕಿ ತಂದ. ರಾಯಬಾಗ ತಾಲೂಕಿನ ದಿಗ್ಗೇವಾಡಿ. ಗಂಡು ಎರಡನೇ ಸಂಬಂಧದವರು. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿದ್ದಳು, ಕೂಸೂ ಉಳಿದಿರಲಿಲ್ಲ. ನನಗೆ ತಿಳಿಸಿದ್ದು ಇಷ್ಟೇ.

ನಮ್ಮ ಯಜಮಾನರ ಹೆಸರು ಅಪ್ಪಾಸಾಬ. ನನಗಿಂತ ಐದಾರು ವರ್ಷ ದೊಡ್ಡವರು. ಹೊಳೆದಂಡೆಯ ಹತ್ತಿರ ಸ್ವಲ್ಪ ಕಬ್ಬು, ಒಂದು ಜೋಡಿ ಎತ್ತು, ಎರಡು ಎಮ್ಮೆ. ಮಾತು ಬಹಳ ಕಡಿಮೆ. ಮೊದಲ ಹೆಂಡತಿಯ ಒಂದು ಫೋಟೋ ಕೂಡ ಮನೆಯಲ್ಲಿ ಇರಲಿಲ್ಲ. ಅತ್ತೆ ಬಾಳವ್ವ ಮಾತ್ರ ನನ್ನನ್ನು ಮೊದಲ ದಿನದಿಂದಲೂ ಬಾಯಿತುಂಬ "ಶಾಂತವ್ವ" ಎಂದು ಕರೆಯುತ್ತಿದ್ದರು. ಬಿಸಿ ರೊಟ್ಟಿ ಮೊದಲು ನನ್ನ ತಾಟಿಗೆ ಹಾಕುತ್ತಿದ್ದರು. ಅವರು ಕೆಟ್ಟ ಅತ್ತೆಯಾಗಿದ್ದರೆ ಮುಂದೆ ಆದದ್ದೆಲ್ಲ ಆಗುತ್ತಲೇ ಇರಲಿಲ್ಲವೇನೋ. ಬೇಡ ಎನ್ನುವುದು ಸುಲಭವಾಗುತ್ತಿತ್ತು.

ಮೊದಲ ವರ್ಷ ಯಾರೂ ಏನೂ ಅನ್ನಲಿಲ್ಲ. ಎರಡನೆಯ ವರ್ಷ ಒಂದು ಮುಂಜಾನೆ ಅತ್ತೆ ಹೊಲದ ಬದುವಿನಿಂದ ಮಣ್ಣು ಮೆತ್ತಿದ ಬೇರಿನ ಗೊಂಚಲೊಂದನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದರು. ಒಂದೇ ಬುಡಕ್ಕೆ ಬೆರಳಿನಂಥ ಹತ್ತಾರು ಗಡ್ಡೆಗಳು ಜೋತುಬಿದ್ದಿದ್ದವು. ಅದಕ್ಕೆ ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ. ಸಿಪ್ಪೆ ಸುಲಿದು, ಅರೆದು, ಹಾಲಿನಲ್ಲಿ ಕುದಿಸಿ ತಂದುಕೊಟ್ಟರು.

"ಕುಡಿ ಯವ್ವಾ. ಗಿಡದ್ದ ಐತಿ. ಗಿಡದ್ದ ತಿಂದ್ರ ಏನ ಆಗತೈತಿ?"

ಏನೂ ಆಗಲಿಲ್ಲ ನಿಜ. ಒಳ್ಳೆಯದೂ ಆಗಲಿಲ್ಲ, ಕೆಟ್ಟದ್ದೂ ಆಗಲಿಲ್ಲ. ಅದಾದ ಮೇಲೆ ಅಥಣಿಯ ಅಂಗಡಿಯಿಂದ ಅಶೋಕದ ತೊಗಟೆಯ ಕಹಿ ಔಷಧದ ಬಾಟಲಿ ಬಂತು. ಆಮೇಲೆ ಶಿವಲಿಂಗಿ ಬೀಜ. ಅದನ್ನು ಕರು ಇರುವ ಆಕಳ ಹಾಲಿನಲ್ಲಿ, ಹಲ್ಲಿಗೆ ತಾಗಿಸದೆ ನುಂಗಬೇಕಂತೆ. ನಮ್ಮಲ್ಲಿ ಎಮ್ಮೆಗಳಷ್ಟೇ ಇದ್ದದ್ದರಿಂದ ಅತ್ತೆ ಓಣಿಯ ತುದಿಯ ಮನೆಗೆ ಹೋಗಿ ಒಂದು ಲೋಟ ಹಾಲು ಇಸಿದುಕೊಂಡು ಬರುತ್ತಿದ್ದರು. ಯಾಕೆಂದು ಊರಿಗೆಲ್ಲ ಗೊತ್ತಾಯಿತು. ನಾನು ನೀರಿಗೆ ಹೋದಾಗ ಹೆಂಗಸರು ದಾರಿ ಬಿಟ್ಟುಕೊಡುವ ರೀತಿಯಲ್ಲೇ ನನಗೆ ಅದು ತಿಳಿಯುತ್ತಿತ್ತು.

ರಾಯಬಾಗದ ಡಾಕ್ಟರಬಾಯಿಯ ಹತ್ತಿರವೂ ಹೋಗಿದ್ದೆ. ಅವರು ಪರೀಕ್ಷೆ ಮಾಡಿ, "ವಯಸ್ಸ ಜಾಸ್ತಿ ಆಗೈತಿ, ಆದ್ರ ಆಗೂದಿಲ್ಲ ಅಂತ ಹೇಳಾಕ ಬರೂದಿಲ್ಲ. ಯಜಮಾನ್ರನ್ನೂ ಒಮ್ಮೆ ಕರ್ಕೊಂಡ ಬರ್ರಿ, ಅವರದೂ ಟೆಸ್ಟ್ ಮಾಡಬೇಕು" ಎಂದಿದ್ದರು. ಇವರು ಬರಲಿಲ್ಲ. ಕಬ್ಬು ಕಡಿಯುವುದಿದೆ ಎಂದರು. ಕಬ್ಬು ಕಡಿದಾದ ಮೇಲೆ ನೀರು ಹಾಯಿಸುವುದಿದೆ ಎಂದರು. ತಿಂಗಳು ತಿಂಗಳೂ ನಾನು ಹಿತ್ತಲಿನಲ್ಲಿ ಬಟ್ಟೆ ಒಗೆದು ಹಾಕಿದ ದಿನ ಅವರ ಮುಖ ಸ್ವಲ್ಪ ಸಡಿಲಾದಂತೆ ಕಾಣುತ್ತಿತ್ತು. ನನ್ನ ಕಣ್ಣಿಗೆ ಅದು ಬೀಳುತ್ತಿತ್ತು, ಅರ್ಥ ಮಾತ್ರ ಆಗುತ್ತಿರಲಿಲ್ಲ. ಈ ಮನುಷ್ಯನಿಗೆ ನನ್ನಿಂದ ಮಕ್ಕಳು ಬೇಕಾಗಿಲ್ಲ ಎಂದುಕೊಂಡು ಒಳಗೇ ಕುದಿಯುತ್ತಿದ್ದೆ.

ನಾಟಿ ವೈದ್ಯರೊಬ್ಬರ ಸುದ್ದಿ ಒಂದು ಮದುವೆಯಲ್ಲಿ ಸಿಕ್ಕಿತು. ಕಾಗವಾಡದ ಆಚೆ, ದ್ರಾಕ್ಷಿ ತೋಟಗಳ ನಡುವಿನ ಒಂದು ವಸ್ತಿಯಲ್ಲಿ ಅವರ ಮನೆ. ಹೆಸರು, ಊರು ಬರೆಯುವುದಿಲ್ಲ. ಅವರೀಗ ಇಲ್ಲ, ಮನೆಮಂದಿ ಇದ್ದಾರೆ. ನಲವತ್ತಾದವಳಿಗೂ ಅವರ ಪುಡಿಯಿಂದ ಮಗನಾಯಿತಂತೆ ಎಂದು ಅತ್ತೆಗೆ ಯಾರೋ ಹೇಳಿದರು. ಮುಂದಿನ ವಾರವೇ ನಾನು, ಅತ್ತೆ ಬಸ್ಸು ಹತ್ತಿದೆವು.

ಅವರ ಮನೆಯ ಕಟ್ಟೆಯ ಮೇಲೆ ಕಾದು ಕುಳಿತ ಆ ಬೆಳಗು ನನಗೆ ಚೆನ್ನಾಗಿ ನೆನಪಿದೆ. ನಮ್ಮಂಥವರೇ ಸಾಲಾಗಿ ಕುಳಿತಿದ್ದರು. ನಿಪ್ಪಾಣಿಯಿಂದ ಬಂದಿದ್ದ ಒಬ್ಬಳ ಸೀರೆಯಿಂದ ತಂಬಾಕಿನ ಘಾಟು ಬರುತ್ತಿತ್ತು. ಅಲ್ಲಿನ ಗೋದಾಮಿನಲ್ಲಿ ತಂಬಾಕು ಹಸನು ಮಾಡುವವಳಂತೆ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಯಾರಾದರೂ ಒಳಗೆ ಹೋಗಿ ಪುಡಿಕೆ ಹಿಡಿದುಕೊಂಡು ಹೊರಬಂದರೆ ಮಾತ್ರ ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಆ ಸಾಲಿನಲ್ಲಿ ಕುಳಿತಾಗ ನನಗೆ ನಾಚಿಕೆಯ ಜೊತೆಗೇ ಒಂದು ಸಮಾಧಾನವೂ ಆಯಿತು. ಇಡೀ ದಿಗ್ಗೇವಾಡಿಯಲ್ಲಿ ಒಬ್ಬಳೇ ಆಗಿದ್ದೆ, ಇಲ್ಲಿ ಹಾಗಿರಲಿಲ್ಲ.

ವೈದ್ಯರು ಶುಭ್ರ ಧೋತರದ, ಮೆತ್ತಗಿನ ಮಾತಿನ ಹಿರಿಯರು. ನಾಡಿ ಹಿಡಿದು ಬಹಳ ಹೊತ್ತು ಕಣ್ಣುಮುಚ್ಚಿ ಕುಳಿತರು.

"ತಡಾ ಆಗೈತಿ ತಂಗಿ. ಆದ್ರ ಹೊತ್ತ ಮೀರಿಲ್ಲ. ಬೇರಿನ ಪುಡಿ ಕೊಡತೇನಿ, ಒಂದೀಟ ಭಸ್ಮ ಕೂಡಸೇನಿ. ತುಪ್ಪದಾಗ ಕಲಸಿ ಮುಂಜಾನೆ ತಗೋಬೇಕು. ನಡುವ ಬಿಡಬಾರದ ನೋಡ ಮತ್ತ."

ಕಾಗದದ ಪುಡಿಕೆಗಳಲ್ಲಿ ಬೂದು ಬಣ್ಣದ ಪುಡಿ. ಕೈಯಲ್ಲಿ ಹಿಡಿದರೆ ಅಷ್ಟು ಚಿಕ್ಕ ಪುಡಿಕೆಗೆ ಭಾರ ಹೆಚ್ಚೆನಿಸುತ್ತಿತ್ತು. ಔಷಧ ಗಟ್ಟಿಯಾಗಿದೆ ಎಂದು ಅತ್ತೆ ಸಂತೋಷಪಟ್ಟರು. ಬಾಯಲ್ಲಿಟ್ಟರೆ ರುಚಿ ಏನೂ ಇಲ್ಲ, ಆಮೇಲೆ ನಾಲಿಗೆಯ ಮೇಲೆ ಒಂದು ಬಗೆಯ ಸಿಹಿ ಉಳಿಯುತ್ತಿತ್ತು.

ಆರು ತಿಂಗಳು ತಿಂದಿರಬೇಕು. ಶ್ರಾವಣದಲ್ಲಿ ನನ್ನ ಮುಟ್ಟು ನಿಂತಿತು.

ಅತ್ತೆ ನನ್ನನ್ನು ನೆಲಕ್ಕೆ ಕಾಲೂರಲು ಬಿಡಲಿಲ್ಲ. ನೀರಿಗೆ ಹೋಗಬೇಡ, ಸಗಣಿ ಎತ್ತಬೇಡ, ಬಾಗಬೇಡ. ನಾನು ಹುಣಸೆಕಾಯಿ ತಿಂದೆ. ತಿನ್ನಬೇಕೆಂದು ಆಸೆಯಾದದ್ದಕ್ಕಿಂತ, ತಿನ್ನುವುದನ್ನು ನಾಲ್ಕು ಮಂದಿ ನೋಡಲಿ ಎಂದು ಹೆಚ್ಚು. ಯಜಮಾನರು ಮಾತ್ರ ಇದ್ದ ಮಾತನ್ನೂ ಬಿಟ್ಟರು. ಊಟಕ್ಕೆ ಕುಳಿತರೆ ಅರ್ಧಕ್ಕೆ ಏಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರೆ ಆ ಸಿಟ್ಟು ಇಳಿಯುತ್ತಿತ್ತು.

ಮೂರನೆಯ ತಿಂಗಳು ತುಂಬುವ ಮೊದಲೇ ಅದು ಹೋಯಿತು. ಕುಡುಗೋಲಿನಿಂದ ಕೊಯ್ದಂತೆ ಹೊಟ್ಟೆ ನೋಯಲು ತೊಡಗಿದ್ದು ಮಧ್ಯಾಹ್ನ. ಸಂಜೆ ಎಮ್ಮೆಗಳು ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತೆಯೇ ನನ್ನ ಕಾಲು ತೊಳೆದರು. ಒಂದು ಹಳೆಯ ಧೋತರದ ತುಂಡಿನಲ್ಲಿ ಏನೋ ಸುತ್ತಿಕೊಂಡು ಹಿತ್ತಲಿಗೆ ಹೋದರು. ನೋಡುತ್ತೇನೆ ಎಂದೆ. "ಬ್ಯಾಡ ನನ್ನವ್ವಾ" ಎಂದರು. ಅಷ್ಟೇ.

ಆಮೇಲೆ ನಾವು ಮಾಡಿದ್ದು ಇದು: ಮತ್ತೆ ವೈದ್ಯರ ಹತ್ತಿರ ಹೋದೆವು. ಅವರಿಗೂ ಬೇಸರವಾಯಿತು. ಬಸಿರು ನಿಂತದ್ದಂತೂ ಖರೆ, ಉಳಿಯಲಿಕ್ಕೆ ಶಕ್ತಿ ಸಾಲಲಿಲ್ಲ, ಇನ್ನು ಮೇಲೆ ಸಂಜೆಯೂ ಒಂದು ಪುಡಿಕೆ ತಗೋ ಎಂದರು. ನಾನು ತಗೊಂಡೆ. ಮುಂಜಾನೆ ಒಂದು, ಸಂಜೆ ಒಂದು. ಒಮ್ಮೆ ನಿಂತಿದ್ದು ಮತ್ತೊಮ್ಮೆ ನಿಲ್ಲುತ್ತದೆ ಎಂದು ಕಾಯುತ್ತ ಆ ವರ್ಷ ಕಳೆಯಿತು.

ಹೊಟ್ಟೆನೋವು ಮಾತ್ರ ನನ್ನನ್ನು ಬಿಡಲಿಲ್ಲ. ಮೊದಮೊದಲು ಅದು ಬಸಿರು ಹೋದದ್ದರ ನೋವೇ ಎಂದುಕೊಂಡಿದ್ದೆ. ದಿನಕಳೆದಂತೆ ಅದು ಬೇರೆಯಾಯಿತು. ಹೊಕ್ಕಳಿನ ಸುತ್ತ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ತಿರುಚುತ್ತಿತ್ತು. ನೆಲದ ಮೇಲೆ ಬೋರಲಾಗಿ ಬಿದ್ದು ಮುಷ್ಟಿಯನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಸ್ವಲ್ಪ ತಡೆಯುತ್ತಿತ್ತು. ಊಟ ಸೇರುತ್ತಿರಲಿಲ್ಲ, ಹೊರಕಡೆಗೆ ಆಗುತ್ತಿರಲಿಲ್ಲ. ಮುಖ ಬಿಳಿಚಿಕೊಂಡಿತು. ಮೆಟ್ಟಿಲು ಹತ್ತಿದರೆ ಏದುಸಿರು. ಕುಡಚಿಯ ಡಾಕ್ಟರು ಆಸಿಡ್ ಎಂದು ಗುಳಿಗೆ ಕೊಟ್ಟರು. ಚಿಕ್ಕೋಡಿಯ ಡಾಕ್ಟರು ಅಪೆಂಡಿಕ್ಸ್ ಇರಬೇಕು, ಕೊಯ್ಯಬೇಕು ಎಂದರು. ಆದರೆ ರಕ್ತ ಪರೀಕ್ಷೆ ಮಾಡಿ, ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಕೊಯ್ಯಲಿಕ್ಕೆ ಬರುವುದಿಲ್ಲ, ಮೊದಲು ರಕ್ತ ಹೆಚ್ಚಿಸಿಕೊಂಡು ಬರ್ರಿ ಎಂದು ಕಳಿಸಿದರು. ಆ ಬೆಂಚುಗಳ ಮೇಲೆ ಕುಳಿತು ಕುಳಿತು ಗೋಡೆಯ ಸುಣ್ಣ ಎಲ್ಲೆಲ್ಲಿ ಉದುರಿದೆ ಎನ್ನುವುದೂ ನನಗೆ ಬಾಯಿಪಾಠವಾಗಿತ್ತು. ಏನೇನು ತಿನ್ನುತ್ತೀ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬೇರಿನ ಪುಡಿಯನ್ನು ಔಷಧ ಎಂದು ಡಾಕ್ಟರ ಮುಂದೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಒಂದು ದಿನ ಒಲೆಯ ಮುಂದೆ ರೊಟ್ಟಿ ಬಡಿಯಲು ಕುಳಿತಿದ್ದೆ. ಹಿಟ್ಟಿನ ಮೇಲೆ ಕೈ ಬೀಳುತ್ತಿದೆ, ಮೇಲಕ್ಕೆ ಏಳುತ್ತಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ನೋಡಿದೆ. ಬಿಟ್ಟೊಡನೆ ಮಣಿಕಟ್ಟಿನಿಂದ ಕೆಳಗೆ ಒಣಗಿದ ಬಳ್ಳಿಯ ಹಾಗೆ ಜೋತುಬಿತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಶಾಂತವ್ವಾ, ಕೈಗೇನಾತಬೇ?"

ನನಗೆ ಕರೋಶಿಯ ಮನೆ ಕಣ್ಣಮುಂದೆ ಬಂತು. ಅವ್ವನ ಕೈಯೂ ಹೀಗೇ ಬಿದ್ದಿತ್ತು. ಇನ್ನು ನನ್ನನ್ನು ಮಗ್ಗುಲು ಬದಲಿಸುವವರು ಯಾರು? ನನಗೆ ಮಗಳಿಲ್ಲ. ಆ ದಿನ ನನಗಾದ ಹೆದರಿಕೆಯನ್ನು ಈಗಲೂ ಸರಿಯಾಗಿ ಹೇಳಲಾರೆ.

ಯಜಮಾನರು ಹೊಲದಿಂದ ಬಂದವರೇ ನನ್ನ ಕೈ ನೋಡಿದರು. ಕೈಕಾಲು ಕೂಡ ತೊಳೆಯಲಿಲ್ಲ. "ಸೀರಿ ಬದಲ ಮಾಡು. ಮಿರಜಿಗೆ ಹೋಗೂಣು" ಎಂದರು.

ಮಿರಜದ ದೊಡ್ಡ ದವಾಖಾನೆಯ ಹೊರಗೆ ಹುಣಸೆಮರದ ಕೆಳಗೆ, ವರಾಂಡದಲ್ಲಿ, ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಜನ. ಕನ್ನಡ, ಮರಾಠಿ, ಉರ್ದು ಎಲ್ಲ ಭಾಷೆಯಲ್ಲೂ ನರಳುವುದು ಒಂದೇ ಥರ ಕೇಳಿಸುತ್ತದೆ. ನಮ್ಮ ಪಾಳಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಒಳಗಿದ್ದ ಡಾಕ್ಟರರು ವಯಸ್ಸಾದವರು, ಮರಾಠಿ ಮಾತಿನವರು, ಕನ್ನಡ ಅರ್ಧಂಬರ್ಧ. ಕೈ ನೋಡಿದರು, ಹೊಟ್ಟೆ ಒತ್ತಿದರು. ಆಮೇಲೆ ಬಾಯಿ ತೆಗೆ ಎಂದು ಬ್ಯಾಟರಿ ಹಾಕಿ ಒಸಡುಗಳನ್ನು ಬಹಳ ಹೊತ್ತು ನೋಡಿದರು. ತುಟಿ ಎತ್ತಿ ಹಿಡಿದು ಕಿರಿಯ ಡಾಕ್ಟರನ್ನು ಕರೆದು ತೋರಿಸಿದರು. ಹಲ್ಲಿನ ಬುಡದಲ್ಲಿ ಒಂದು ಕಪ್ಪು ಗೆರೆ ಇತ್ತಂತೆ. ದಿನಾ ಹಲ್ಲಿಗೆ ತಂಬಾಕಿನ ಮಿಶ್ರಿ ಉಜ್ಜುವ ನಾನು ಅದನ್ನು ಅದರದೇ ಕರೆ ಎಂದುಕೊಂಡಿದ್ದೆ.

"ಮನ್ಯಾಗ ಯಾರರ ಬ್ಯಾಟರಿ ಕೆಲಸ ಮಾಡ್ತಾರ? ಪೇಂಟಿಂದು?" ಎಂದು ಕೇಳಿದರು.

"ಇಲ್ರಿ. ಹೊಲಾ ಮಾಡ್ತೇವ್ರಿ" ಎಂದರು ಇವರು.

ರಕ್ತ ತೆಗೆದು ವಾರ್ಡಿಗೆ ಸೇರಿಸಿಕೊಂಡರು. ಮರುದಿನ ಎಡಗೈಯೂ ಹಾಗೇ ಜೋತುಬಿತ್ತು. ಎರಡು ದಿನ ಬಿಟ್ಟು ಅವರೇ ವಾರ್ಡಿಗೆ ಬಂದರು. ನನ್ನ ಹಾಸಿಗೆಯ ಪಕ್ಕ ನಿಂತು ಮೆಲ್ಲಗೆ, "ಬಾಯಿ, ತುಮಚ್ಯಾ ಪೋಟಾತ ಶಿಸಂ ಗೇಲಂಯ" ಎಂದರು.

ನನ್ನ ಮರಾಠಿ ಸಂತೆಯ ಮರಾಠಿ. ಪೋಟ ಎಂದರೆ ಹೊಟ್ಟೆ, ಅದು ಗೊತ್ತು. ಉಳಿದದ್ದರಲ್ಲಿ ನನ್ನ ಕಿವಿಗೆ ಬಿದ್ದದ್ದು ಶಿಶು. ಹೊಟ್ಟೆಯಲ್ಲಿ ಶಿಶು. ನಾನು ಎದ್ದು ಕುಳಿತೆ. ಬಿದ್ದ ಕೈಗಳನ್ನೇ ಎತ್ತಿ ಮುಗಿಯಲು ಹೋದೆ. ಯಜಮಾನರ ಕಡೆ ತಿರುಗಿ ನೋಡಿದರೆ ಅವರು ಗೋಡೆ ಹಿಡಿದು ನಿಂತಿದ್ದರು. ಅವರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು.

"ಸೀಸ ಅಂತ, ಶಾಂತಾ" ಎಂದರು. "ಗುಂಡ ಮಾಡತಾರಲಾ, ಆ ಸೀಸ."

ಒಂದು ಉಸಿರೆಳೆದು ಬಿಡುವಷ್ಟು ಹೊತ್ತು ನಾನು ಬಸುರಿಯಾಗಿದ್ದೆ. ಆಮೇಲೆ ಅದೂ ಹೋಯಿತು.

ಡಾಕ್ಟರರಿಗೆ ನನ್ನ ತಪ್ಪು ತಿಳುವಳಿಕೆ ಗೊತ್ತಾಯಿತೋ ಏನೋ, ಸ್ಟೂಲು ಎಳೆದುಕೊಂಡು ಕುಳಿತರು. ಏನೇನು ತಿಂದೆ ಎಂದು ಒಂದೊಂದಾಗಿ ಕೇಳಿದರು. ಪುಡಿಯ ಮಾತು ಬಂದಾಗ ಇವರನ್ನು ಅವತ್ತೇ ಊರಿಗೆ ಕಳಿಸಿ ಉಳಿದ ಪುಡಿಕೆಗಳನ್ನು ತರಿಸಿದರು. ಪರೀಕ್ಷೆಗೆ ಹಾಕಿದಾಗ ಅದರಲ್ಲೇ ಸೀಸ ಇತ್ತು. ಬೇರಿನ ತಪ್ಪಲ್ಲ, ಬೇರಿನ ಜೊತೆ ಕೂಡಿಸಿದ್ದ ಭಸ್ಮದ್ದು. ಸರಿಯಾಗಿ ಸುಡದ ಭಸ್ಮವೋ, ಸುಟ್ಟರೂ ಹೋಗದ ವಿಷವೋ, ನನಗೆ ಅಷ್ಟು ತಿಳಿಯದು. ಡಾಕ್ಟರರು ಹೇಳಿದ್ದು ಇಷ್ಟು: ಸೀಸ ರಕ್ತವನ್ನು ಕೊಲ್ಲುತ್ತದೆ, ನರ ಹಿಡಿಯುತ್ತದೆ, ಕೊನೆಗೆ ಎಲುಬಿನಲ್ಲಿ ಹೋಗಿ ಕೂರುತ್ತದೆ.

ಅದನ್ನು ಹೊರತೆಗೆಯುವ ಇಂಜೆಕ್ಷನ್ನು ಮಿರಜದಲ್ಲಿ ಇರಲಿಲ್ಲ. ಯಜಮಾನರು ರೈಲು ಹತ್ತಿ ಪುಣೆಗೆ ಹೋಗಿ ತಂದರು. ಅವರ ಜನ್ಮದಲ್ಲಿ ಅಷ್ಟು ದೂರ ಹೋದದ್ದು ಅದೇ ಮೊದಲು. ಬಾಟಲಿಗಳನ್ನು ಟವೆಲ್ಲಿನಲ್ಲಿ ಸುತ್ತಿ, ಇಡೀ ದಾರಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು.

ಇಂಜೆಕ್ಷನ್ನು ಚುಚ್ಚಿದ ಜಾಗ ಉರಿಯುತ್ತಿತ್ತು. ಆಮೇಲೆ ವಾಂತಿ, ತಲೆನೋವು. ಆದರೆ ನನಗೆ ಅದಕ್ಕಿಂತ ಕಷ್ಟವಾದದ್ದು ತಲೆಗೂದಲು. ಎರಡೂ ಕೈ ಬಿದ್ದದ್ದರಿಂದ ಬಾಚಿಕೊಳ್ಳಲು ಬರುತ್ತಿರಲಿಲ್ಲ, ಗಂಟುಗಟ್ಟಿ ತುರಿಸುತ್ತಿತ್ತು. ಅತ್ತೆ ಎಮ್ಮೆ ಬಿಟ್ಟು ಬರುವ ಹಾಗಿರಲಿಲ್ಲ. ಅದು ಹೆಂಗಸರ ವಾರ್ಡು, ಗಂಡಸರಿಗೆ ಸಂಜೆ ಭೇಟಿಯ ಹೊತ್ತಿನಲ್ಲಿ ಮಾತ್ರ ಒಳಗೆ ಬಿಡುತ್ತಿದ್ದರು. ಒಂದು ಸಂಜೆ ಇವರು ಒಂದು ಬಾಚಣಿಗೆ, ಕೊಬ್ಬರಿ ಎಣ್ಣೆಯ ಸಣ್ಣ ಸೀಸೆ ಹಿಡಿದುಕೊಂಡು ಬಂದು ನನ್ನ ಹಿಂದೆ ಕುಳಿತರು. ಇಡೀ ವಾರ್ಡು ನೋಡುತ್ತಿತ್ತು. ಎತ್ತಿನ ಹಗ್ಗ ಹೊಸೆದು ಗೊತ್ತಿದ್ದ ಕೈ. ಜಡೆ ಎಷ್ಟು ಬಿಗಿಯಾಗಿ ಬಂತೆಂದರೆ ನನ್ನ ಹುಬ್ಬು ಮೇಲೆ ಹೋದವು.

ಎದುರಿನ ಹಾಸಿಗೆಯ ಮುದುಕಿ, "ಅಣ್ಣಾ, ಸ್ವಲ್ಪ ಸಡಲ ಬಿಡೋ, ಬಂಡಿಗಿ ಹೂಡಂಗಿಲ್ಲ ಆಕಿನ್ನ" ಎಂದಳು. ನೋವು ತಿನ್ನುತ್ತ ಮಲಗಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ.

ನಕ್ಕದ್ದಕ್ಕೋ ಏನೋ ಅವರಿಗೆ ಧೈರ್ಯ ಬಂದಿರಬೇಕು. ಬೆನ್ನ ಹಿಂದಿನಿಂದಲೇ, ನನ್ನ ಮುಖ ನೋಡುವ ಪ್ರಸಂಗ ಇಲ್ಲದ್ದರಿಂದ, ಮಾತು ಶುರುಮಾಡಿದರು.

"ಮೊದಲಾಕಿ ಮೂರ ದಿನ ಒದ್ದ್ಯಾಡಿದ್ಳು. ಬಂಡಿ ಹೂಡ್ಕೊಂಡ ರಾಯಬಾಗಕ್ಕ ಹೊಂಟಿದ್ವಿ. ಹಳ್ಳ ತುಂಬಿ ಬಂದಿತ್ತು. ದಡದ ಮ್ಯಾಲ ಕುಂತ, ನೀರ ಇಳೀಲಿ ಅಂತ ಕಾಯ್ಕೋತ ಕುಂತ್ವಿ. ಕೂಸ ಒಳಗ ಇತ್ತು, ಹಂಗ ಹ್ವಾದ್ಳು. ನನ್ನ ಕೈ ಹಿಡಕೊಂಡಿದ್ಳು."

ಜಡೆಯ ತುದಿಗೆ ದಾರ ಸುತ್ತುತ್ತ ಮುಂದುವರಿಸಿದರು.

"ನೀ ಆ ಪುಡಿ ತಿನ್ನೂವಾಗ ನಾ ದಿನಾ ದೇವರ ಮುಂದ ನಿಂತ ಏನ ಬೇಡ್ಕೋತಿದ್ನಿ, ಗೊತ್ತೈತೇನ? ಇಕಿಗಿ ಆಗದಿರ್ಲಿ ಅಂತ. ನನಗ ನೀ ಇದ್ರ ಸಾಕಾಗಿತ್ತು."

ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಮೈಯೆಲ್ಲ ಉರಿಯಿತು. ನಾನು ವಿಷ ತಿಂದು ಬೇಡಿದ್ದನ್ನು ಈ ಮನುಷ್ಯ ಎದುರು ನಿಂತು ಬೇಡ ಎಂದು ಬೇಡಿಕೊಂಡಿದ್ದ. ದೇವರು ಅವನ ಮಾತನ್ನೇ ಕೇಳಿದ್ದ. "ನನಗ ಯಾಕ ಹೇಳಲಿಲ್ಲ? ಮೊದಲ ಹೇಳಿದ್ರ ಆ ಪುಡಿ ಯಾಕ ತಿಂತಿದ್ನಿ?" ಎಂದು ಕೂಗಿಬಿಟ್ಟೆ. ವಾರ್ಡು ಮತ್ತೆ ನಮ್ಮನ್ನೇ ನೋಡಿತು, ಈ ಸಲ ಯಾರೂ ನಗಲಿಲ್ಲ. ನಾಳೆಯಿಂದ ಬರಬೇಡಿ ಎಂದೆ.

ಮರುದಿನವೂ ಬಂದರು. ನಾನು ಮಾತಾಡಲಿಲ್ಲ. ಅವರು ಹಿಂದೆ ಕುಳಿತು ಎಣ್ಣೆ ಹಚ್ಚಿ, ಜಡೆ ಹೆಣೆದು, ತುದಿಗೆ ದಾರ ಕಟ್ಟಿ ಎದ್ದುಹೋದರು. ಹಾಗೇ ದಿನವೂ. ಮಾತಿಲ್ಲದ ಆ ದಿನಗಳಲ್ಲಿ ಜಡೆ ಮಾತ್ರ ಸಡಿಲವಾಗುತ್ತ, ಸರಿಯಾಗುತ್ತ ಬಂತು.

ಬಿಡುಗಡೆಯ ಮುಂಚೆ ನಾನು ಡಾಕ್ಟರರನ್ನು ಒಂದೇ ಪ್ರಶ್ನೆ ಕೇಳಿದೆ. ಶ್ರಾವಣದಲ್ಲಿ ನಿಂತದ್ದು ಪುಡಿಯಿಂದ ನಿಂತಿತೇ? ಪುಡಿಯಿಂದಲೇ ಹೋಯಿತೇ? ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸೀಸ ಇದ್ದರೆ ಬಸಿರು ಉಳಿಯುವುದು ಕಷ್ಟ, ಆದರೆ ನಿನ್ನ ವಯಸ್ಸಿನಲ್ಲಿ ಸುಮ್ಮನೆಯೂ ಹೋಗಬಹುದು, ಯಾವುದೆಂದು ಖಚಿತ ಹೇಳಲು ಬರುವುದಿಲ್ಲ ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಎಲುಬಿನಲ್ಲಿ ಕುಳಿತದ್ದು ಬಸಿರಾದಾಗ ಕರಗಿ ಕೂಸಿಗೆ ಹೋಗುತ್ತದೆ. ಇನ್ನು ಕೆಲವು ವರ್ಷ ಆಸೆ ಮಾಡಬೇಡ.

ಕೆಲವು ವರ್ಷ. ನನಗಾಗಲೇ ನಲವತ್ತು ಸಮೀಪಿಸಿತ್ತು. ಅವರಿಗೂ ಅದು ಗೊತ್ತಿತ್ತು. ನನ್ನ ತಲೆಯ ಮೇಲೆ ಕೈ ಇಟ್ಟು ಹೊರಟುಹೋದರು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲಿ ಕುಳಿತಿದ್ದರು, ಒಳಗೆ ಬಾ ಎನ್ನಲೂ ಆಗಲಿಲ್ಲ ಅವರಿಗೆ. "ನನ್ನ ಕೈಯಾರ ಕಲಸಿ ಕೊಟ್ನೆಲ್ಲವಾ, ನನ್ನ ಕೈಯಾರ" ಎಂದು ಆ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ನನ್ನ ಕೈಗಳಲ್ಲಿ ಇನ್ನೂ ಬಲ ಬಂದಿರಲಿಲ್ಲ. ಅವರ ಕೈ ಹಿಡಿದುಕೊಳ್ಳಬೇಕೆಂದರೂ ಹಿಡಿಯಲು ಬರಲಿಲ್ಲ. ಅವರ ಪಕ್ಕದಲ್ಲಿ ಒತ್ತಿ ಕುಳಿತೆ, ಅಷ್ಟೇ ನನ್ನಿಂದ ಆದದ್ದು.

ಸ್ವಲ್ಪ ಚೇತರಿಸಿಕೊಂಡ ಮೇಲೆ ಯಜಮಾನರು ವೈದ್ಯರ ಹತ್ತಿರ ಹೋಗುತ್ತೇನೆ ಎಂದು ಎದ್ದರು. ಅವರ ಮುಖ ನೋಡಿ ನಾನೂ ಜೊತೆಗೆ ಹೋದೆ. ದ್ರಾಕ್ಷಿಯ ಸುಗ್ಗಿ ಮುಗಿದು ಬಳ್ಳಿ ಕತ್ತರಿಸಿದ್ದರು, ತೋಟಗಳು ಬರೀ ಕಡ್ಡಿ. ಕಟ್ಟೆಯ ಮೇಲೆ ಆವತ್ತೂ ಮೂವರು ಹೆಂಗಸರು ಕುಳಿತಿದ್ದರು. ನಾವು ನೇರ ಒಳಗೆ ಹೋದೆವು. ನಾನು ಗೋಡೆಗೆ ಒರಗಿ ಕುಳಿತೆ, ಇವರು ಡಾಕ್ಟರರು ಹೇಳಿದ್ದನ್ನೆಲ್ಲ ನಿಂತೇ ಹೇಳಿದರು.

ವೈದ್ಯರು ಕೊನೆಯವರೆಗೂ ಕೇಳಿದರು. ಸಿಟ್ಟಾಗಲಿಲ್ಲ. "ನಮ್ಮ ಅಪ್ಪನ ಕಾಲದಿಂದ ಕೊಡಾಕತ್ತೇವ್ರಿ ಇದನ್ನ. ವಿಷಾ ಆಗಿದ್ರ ನನ್ನ ಸ್ವಂತ ಸೊಸಿಗಿ ಕೊಡತಿದ್ನೇನ್ರಿ? ಎರಡ ವರ್ಷ ಆತ ಆಕಿ ತಗೊಳ್ಳಾಕತ್ತು" ಎಂದವರೇ ಒಳಗೆ ತಿರುಗಿ, ಚಹಾ ತರಲು ಹೇಳಿದರು.

ಸೊಸೆ ಬಂದಳು. ಇಪ್ಪತ್ತೈದರ ಒಳಗಿನ ಹುಡುಗಿ. ತಾಟನ್ನು ಬೆರಳುಗಳಲ್ಲಿ ಹಿಡಿದಿರಲಿಲ್ಲ, ಎರಡೂ ಮುಂಗೈಗಳ ಮೇಲೆ ಇಟ್ಟುಕೊಂಡು, ಎದೆಗೆ ಆನಿಸಿಕೊಂಡು ಬಂದಳು. ಕಪ್ಪುಗಳು ಕಟಕಟ ಎನ್ನುತ್ತಿದ್ದವು. ಮುಖ ಸುಣ್ಣ ಬಳಿದ ಹಾಗೆ. ನಾನು ಎದ್ದುಹೋಗಿ ತಾಟನ್ನು ನನ್ನ ಮುಂಗೈಗಳ ಮೇಲೆ ತೆಗೆದುಕೊಂಡೆ. ಇಬ್ಬರೂ ಒಬ್ಬರ ಕೈ ಒಬ್ಬರು ನೋಡಿದೆವು.

"ಹೊಟ್ಟಿ ತಿರವತೈತೇನವಾ?" ಎಂದೆ.

ಅವಳು ಮಾವನ ಕಡೆ ನೋಡಿದಳು, ಆಮೇಲೆ ಹೌದೆಂದು ತಲೆಯಾಡಿಸಿದಳು.

"ನನಗೂ ಹಂಗ ಆಗಿತ್ತು. ಮಿರಜಿಗೆ ಹೋಗು. ನಾಳೆ ಅನಬ್ಯಾಡ."

ಜಗಳಕ್ಕೆಂದು ಬಂದಿದ್ದ ಯಜಮಾನರು ಬಾಗಿಲ ಕಡೆ ತಿರುಗಿದರು. ವೈದ್ಯರು ಸೊಸೆಯ ಕೈಗಳನ್ನೇ ನೋಡುತ್ತ ಕುಳಿತಿದ್ದರು. ಅಷ್ಟು ಜನರ ನಾಡಿ ಹಿಡಿದವರು ಮನೆಯವಳ ಕೈಯನ್ನು ಅವತ್ತೇ ಮೊದಲ ಬಾರಿ ನೋಡಿದಂತಿತ್ತು. ನಾವು ಚಹಾ ಕುಡಿಯದೆ ಎದ್ದೆವು. ಹೊರಗೆ ಕಟ್ಟೆಯ ಮೇಲಿದ್ದ ಮೂವರಿಗೂ ನಾನು ನನ್ನ ಕೈ ತೋರಿಸಿ ಹೇಳಿದೆ. ಇಬ್ಬರು ಎದ್ದು ಬಂದರು. ಒಬ್ಬಳು ಕುಳಿತೇ ಇದ್ದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನಾಗಿದ್ದರೂ ಕುಳಿತಿರುತ್ತಿದ್ದೆ.

ಮುಂದೆ ತಪಾಸಣೆಗೆ ಹೋದಾಗ ಡಾಕ್ಟರರು, ಕಾಗವಾಡದ ಕಡೆಯಿಂದ ಒಬ್ಬ ಹುಡುಗಿ ಬಂದಿದ್ದಳು, ಅವಳಿಗೂ ಅದೇ, ಗುಣವಾಗುತ್ತಿದ್ದಾಳೆ ಎಂದರು. ಕರೆದುಕೊಂಡು ಬಂದದ್ದು ಒಬ್ಬ ಮುದುಕ, ಮೂರು ದಿನ ವರಾಂಡದಲ್ಲೇ ಮಲಗಿದ್ದನಂತೆ.

ನನ್ನ ಬೆರಳುಗಳಿಗೆ ಶಕ್ತಿ ಬರಲು ವರ್ಷವೇ ಹಿಡಿಯಿತು. ರೊಟ್ಟಿ ಬಡಿಯುವ ಹಾಗಾದೆ. ಹೊಟ್ಟೆಯ ನೋವು ಹೋಯಿತು. ಬಲಗೈ ಹೆಬ್ಬೆರಳಿನಲ್ಲಿ ಸ್ವಲ್ಪ ಜೋಮು ಈಗಲೂ ಇದೆ, ಚಳಿಗಾಲದಲ್ಲಿ ಸೂಜಿ ಪೋಣಿಸಲು ಬರುವುದಿಲ್ಲ. ಡಾಕ್ಟರರು ಹೇಳಿದ ವರ್ಷಗಳು ಮುಗಿದವು, ನನ್ನ ವರ್ಷಗಳೂ ಮುಗಿದವು. ಅತ್ತೆ ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಬದುವಿನಲ್ಲಿ ಆ ಬೇರಿನ ಬಳ್ಳಿ ಮತ್ತೆ ಚಿಗುರಿದಾಗ ಅವರೇ ಗುದ್ದಲಿ ತಗೊಂಡು ಅಗೆದು ಹೊಳೆಗೆ ಎಸೆದು ಬಂದರು. ಪಾಪ, ಅದೇನೂ ಮಾಡಿರಲಿಲ್ಲ. ಮಕ್ಕಳಿಲ್ಲದ ಹೆಂಗಸರು ನನ್ನ ಹತ್ತಿರ ಬಂದು ಕೇಳುತ್ತಾರೆ. ನಾನು ಅವರಿಗೆ ಆಸೆ ಬಿಡು ಎಂದು ಹೇಳುವುದಿಲ್ಲ, ಅದು ಹೇಳಿ ಬಿಡಿಸುವಂಥದ್ದಲ್ಲ. ಬಾಯಿಗೆ ಹಾಕಿಕೊಳ್ಳುವ ಮೊದಲು ಒಳಗೇನಿದೆ ಎಂದು ಕೇಳು, ಡಾಕ್ಟರರ ಮುಂದೆ ಯಾವುದನ್ನೂ ಮುಚ್ಚಿಡಬೇಡ, ಗಂಡನನ್ನು ಕೂಡಿಸಿಕೊಂಡು ಮಾತಾಡು. ಇಷ್ಟೇ ಹೇಳುತ್ತೇನೆ.

ಮೂರನೆಯದನ್ನು ನಾವು ಬಹಳ ತಡವಾಗಿ ಕಲಿತೆವು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಮುಟ್ಟು ಪೂರ್ತಿ ನಿಂತಿತು. ಈ ಸಲ ಯಾರೂ ಹುಣಸೆಕಾಯಿ ತರಲಿಲ್ಲ. ಅದು ಖಾತ್ರಿಯಾದ ಮೇಲೆ ಒಂದು ಮುಂಜಾನೆ ಯಜಮಾನರು ಎಮ್ಮೆ ಹಿಂಡುತ್ತಿದ್ದಾಗ ಕೊಟ್ಟಿಗೆಗೆ ಹೋಗಿ ನಿಂತು ಹೇಳಿದೆ, "ಇನ್ನ ಆಗೂದಿಲ್ರಿ. ಮುಗೀತು. ನಿಮಗಿನ್ನ ಅಂಜಿಕಿ ಇಲ್ಲ."

ಅವರ ಕೈ ನಿಂತಿತು. ಆಮೇಲೆ ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿಕೊಂಡೇ ಹೇಳಿದರು.

"ಶ್ರಾವಣದಾಗ ನಿಂತಿತ್ತಲಾ, ಆವಾಗ ನಾ ಒಂದ ಹೆಸರ ಇಟ್ಟಿದ್ನಿ."

ನಾನು ಗೂಟ ಹಿಡಿದುಕೊಂಡೆ. ಆಗದಿರಲಿ ಎಂದು ದಿನವೂ ಬೇಡಿಕೊಂಡ ಮನುಷ್ಯ, ಅರ್ಧ ಊಟಕ್ಕೆ ಎದ್ದುಹೋಗಿ ಹೊಲದಲ್ಲಿ ಒಬ್ಬರೇ ಕುಳಿತು ಹೆಸರು ಹುಡುಕಿದ್ದರು.

"ಏನಂತ?" ಎಂದೆ.

ಹೇಳಿದರು. ಹೆಣ್ಣಿನ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಒಂದೇ ಸಲ, ಅಂಗಳದಲ್ಲಿ ಆಡುತ್ತಿರುವವಳನ್ನು ಕೂಗುವಷ್ಟು ದನಿಯಲ್ಲಿ ಅದನ್ನು ಕರೆದೆ. ಎಮ್ಮೆ ಮೇವು ಬಿಟ್ಟು ತಲೆಯೆತ್ತಿ ಬಾಗಿಲ ಕಡೆ ನೋಡಿತು.